ಅಕ್ಟೋಬರಿನ ತಲೆಯೆಣಿಕೆ

ಧರ್ಮಪ್ರಾಂತ್ಯದ ಕಚೇರಿಯಿಂದ ಬಂದ ಹಾಳೆಯಲ್ಲಿ
ನಾಲ್ಕೇ ಚೌಕಗಳು, ಅಕ್ಟೋಬರಿನ ನಾಲ್ಕು ಭಾನುವಾರಕ್ಕೆ.
ಎಷ್ಟು ಜನ ಬಂದರು, ಅಷ್ಟೇ.
ಯಾಕೆ ಬಂದರು ಎಂದು ಬರೆಯಲು ಜಾಗವಿಲ್ಲ.

"ನೀನು ನರ್ಸು, ಎಣಿಸಿ ರೂಢಿ" ಎನ್ನುತ್ತ
ಬರ್ನಡೆಟ್ ಟಿಯರ್ನಿ ನನ್ನ ಕೈಗೆ ಕ್ಲಿಕ್ಕರ್ ತುರುಕಿದಳು.
ಅವಳ ಗಂಡ ಕುರಿಸಂತೆಗೆ ಒಯ್ಯುತ್ತಿದ್ದದ್ದು, ತಗಡಿನದು,
ಒತ್ತಿದರೆ ಹಲ್ಲಿ ಲೊಚಗುಟ್ಟಿದ ಹಾಗೆ.

ನಮ್ಮಜ್ಜಿ ರಾಯಮ್ಮ ದಿನಾ ಜಪಸರ ಹಿಡಿದವಳು,
ಆದರೂ ಹಲ್ಲಿ ನುಡಿದರೆ
ಬೆರಳಿಂದ ನೆಲ ಕುಟ್ಟಿ 'ನಿಜ' ಅನ್ನುವಳು.
ಇಲ್ಲಿ ತಲೆಗೊಂದು ಹಲ್ಲಿ.
ನಿಜ. ನಿಜ. ನಿಜ.

ಆರುನೂರು ಮಂದಿ ಮೊಣಕಾಲೂರಲೆಂದು
ಬರ್ನ್ಲಿಯ ಮಿಲ್ಲುಗಳ ಐರಿಷ್ ನೇಕಾರರು
ವಾರಕ್ಕೊಂದು ಪೆನ್ನಿ ಕೂಡಿಸಿ ಕಟ್ಟಿದ ಗುಡಿ.
ಮಿಲ್ಲು ಈಗ ಕಾರ್ಪೆಟ್ ಮಳಿಗೆ.
ಎಡಗಡೆಯ ಬೆಂಚುಗಳಿಗೆ ಹಗ್ಗ ಕಟ್ಟಿದೆ, ಸೂರು ಸೋರುತ್ತದೆ.

ಫಾದರ್ ಒಬಿನ್ನಾ ಮೂರು ಗುಡಿಗೆ ಒಬ್ಬರೇ.
ಕಾರಿನ ಎಂಜಿನ್ ತಣ್ಣಗಾಗುವ ಮೊದಲೇ
ಪೀಠದ ಮುಂದೆ ಶಿಲುಬೆಯ ಗುರುತು ಹಾಕುತ್ತಾರೆ.
"ನಿಮ್ಮ ಗುರುಗಳು ನಮ್ಮೂರಿಗೆ ಬಂದು
ನನ್ನಜ್ಜನಿಗೆ ಜ್ಞಾನಸ್ನಾನ ಕೊಟ್ಟರು,
ನಾನು ಬಡ್ಡಿ ತೀರಿಸುತ್ತಿದ್ದೇನೆ" ಎಂದು ನಗುತ್ತಾರೆ.

ಹಿಂದಿನ ಕಂಬಕ್ಕೊರಗಿ ನಾನು ಒತ್ತುತ್ತ ಹೋದೆ.
ಝ್ಬಿಗ್ನ್ಯೆವ್ ಬಾಗಿಲಲ್ಲೇ ನಿಲ್ಲುವವ,
ಒಂದು ಕಾಲು ಒಳಗೆ, ಒಂದು ಮಳೆಯಲ್ಲಿ. ಒತ್ತಿದೆ.
ಪರಮಪ್ರಸಾದಕ್ಕೆ ಎದ್ದವನು ಹಾಗೇ
ಪಕ್ಕದ ಬಾಗಿಲಿಂದ ಮಾಯವಾಗುವ ಹುಡುಗ. ಒತ್ತಿದೆ.
ಬಸುರಿ ಓಯೆನ್‌ಗೆ ಒಂದು ಸಲ,
ಬೆರಳು ಇನ್ನೊಂದಕ್ಕೆ ತಡವರಿಸಿತು.
ರೊಟ್ಟಿ ಮೀನು ತಿಂದವರನ್ನು ಎಣಿಸಿದಾಗ
ಲೆಕ್ಕ ಬಲ್ಲ ಸುಂಕದವನೇ
ಹೆಂಗಸರು ಮಕ್ಕಳನ್ನು ಬಿಟ್ಟುಬಿಟ್ಟಿದ್ದನಲ್ಲ.

ಮೂರು ಗಂಟೆಗೆ ಇದೇ ಬೆಂಚುಗಳಲ್ಲಿ
ಮಲಯಾಳಿಗಳ ಪೂಜೆ, ಕಾಲಿಡಲು ಜಾಗವಿರದು.
ಅವರ ಬಿಷಪ್ಪರು ಬೇರೆ, ಅವರ ಹಾಳೆ ಬೇರೆ,
ಆ ತಲೆಗಳು ಈ ಸೂರನ್ನು ಉಳಿಸುವುದಿಲ್ಲ.
"ನೀನು ಅವರೊಂದಿಗಲ್ಲವಾ?" ಎಂದು
ನಾಲ್ಕು ವರ್ಷದಿಂದ ಕೇಳುತ್ತಾರೆ.
ಇಲ್ಲ, ನಾನು ಕನ್ನಡದಲ್ಲಿ ಪಾಪ ನೆನೆಯುವವಳು,
ಇಂಗ್ಲಿಷಿನಲ್ಲಿ ನಿವೇದಿಸುವಾಗ
ಅವು ಸ್ವಲ್ಪ ಸಣ್ಣವಾಗುತ್ತವೆ.

ಎಪ್ಪತ್ತೊಂದು.
"ತೊಂಬತ್ತು ಅಂತ ಬರೆ" ಅಂದಳು ಬರ್ನಡೆಟ್,
ಸಕ್ಕರೆ ಬೆರೆಸುವ ದನಿಯಲ್ಲಿ, ಚಹಾದ ಕೋಣೆಯಲ್ಲಿ.
"ಕತ್‌ಬರ್ಟ್‌ನನ್ನು ಸೇರಿಸಿಕೊ, ಹೋದ ಗುರುವಾರವಷ್ಟೇ ಮಣ್ಣಾದ.
ಅವನ ದಿಂಬು ಇನ್ನೂ ಬೆಂಚಿನಲ್ಲೇ ಇದೆ.
ನನ್ನ ಮೂವರು ಮಕ್ಕಳನ್ನು ಸೇರಿಸಿಕೊ,
ಇಲ್ಲೇ ಜ್ಞಾನಸ್ನಾನವಾದವರು, ಎಲ್ಲಿ ಹೋದಾರು?"
ಪೆನ್ಸಿಲ್ ಚೀಪಿದೆ.
ಬಿಷಪ್ಪರ ಹಾಳೆಯ ಕೆಳಗೆ ಸಹಿ ನನ್ನದು.
ಎಪ್ಪತ್ತೊಂದು ಎಂದೇ ಬರೆದೆ.
ಅವಳು ಬಟ್ಟಲು ತೊಳೆಯಲು ತಿರುಗಿದಳು,
ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು.

ಅಂದು ರಾತ್ರಿಪಾಳಿ.
ಆರನೆಯ ಹಾಸಿಗೆಯ ಮುದುಕ, ಹೆಸರು ಹಾರ್ಗ್ರೀವ್ಸ್,
ಚೀಟಿಯಲ್ಲಿ ಧರ್ಮದ ಮುಂದೆ 'ಕಥೋಲಿಕ'.
"ಅದು ಅಮ್ಮ ಹೇಳಿಕೊಟ್ಟದ್ದು" ಅಂದ.
"ಐವತ್ತು ವರ್ಷ ಆ ಕಡೆ ತಲೆ ಹಾಕಿಲ್ಲ.
ಅಳಿಸಬೇಡ ಮಾತ್ರ."
ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತೆ.
ಇನ್ನೊಂದು ಕೈ ಜೇಬಿನಲ್ಲಿತ್ತು.
ಕ್ಲಿಕ್ಕರ್ ವಾಪಸು ಕೊಡುವುದು ಮರೆತಿದ್ದೆ.

ವಾರ್ಡಿನ ಮೌನದಲ್ಲಿ ಹಲ್ಲಿ ಒಮ್ಮೆ ನುಡಿಯಿತು.
"ಏನದು?" ಎಂದ ಕಣ್ಣು ತೆರೆಯದೆ.
ಏನಿಲ್ಲ ಅಂದೆ,
ನಾಡಿ ಅರವತ್ತೆಂಟು, ಪರವಾಗಿಲ್ಲ.